ಸತ್ತ ಡ್ರೈವರನ ಚುಕ್ಕೆಗಳು

ಕತ್ತಲೆ ಕೋಣೆಯಲ್ಲಿ ಚಾಳೀಸಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಹಳಸಿದ್ದೇನೋ ಬಾಯಿಗೆ ಬಂದವರ ಹಾಗೆ ಮುಖ ಕಿವಿಚಿದರು.

ಹಾಗೆ ನೋಡಿದರೆ ಅವರು ಖುಷಿಪಡಬೇಕಿತ್ತು. ಗಾಜಿನ ಮೇಲೆ ಬಲೆ ಜಗಜಗಿಸುತ್ತಿತ್ತು. ಹಸಿರು ದಾರದಲ್ಲಿ ಹೆಣೆದ ಮೀನಿನ ಬಲೆಯನ್ನು ಅಂಗಳದಲ್ಲಿ ಹರವಿದಂತೆ, ಒಂದು ಎಳೆಯೂ ತಪ್ಪದೆ. ಈ ಬಲೆ ಕಂಡಿತೆಂದರೆ ಮೈಮೇಲೆ ಬೊಬ್ಬೆ ಏಳಿಸುವ ರೋಗ ಇದೆ ಎಂದರ್ಥ. ರೋಗ ಇದೆಯೆಂದರೆ, ತಾನು ನೋಡಿಕೊಳ್ಳುತ್ತಿದ್ದ ಅಜ್ಜಿಯ ಮೈಮೇಲೆ ಕುದಿಯುವ ನೀರು ಸುರಿದಳೆಂದು ಆರು ದಿನದಿಂದ ಲಾಕಪ್ಪಿನಲ್ಲಿರುವ ಆರೈಕೆಯ ಹೆಂಗಸು ನಿರಪರಾಧಿ. ನಾಳೆ ಹನ್ನೊಂದಕ್ಕೆ ಅವಳನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಹೊರಗೆ ಬೆಂಚಿನ ಮೇಲೆ ಇನ್ಸ್‌ಪೆಕ್ಟರು ವರದಿಗಾಗಿ ಕಾಯುತ್ತಿದ್ದಾರೆ. ಚಾಳೀಸಮ್ಮ ಒಂದು ಸಹಿ ಹಾಕಿದರೆ ಹೆಂಗಸು ಮನೆಗೆ ಹೋಗುತ್ತಾಳೆ.

ಆದರೆ ಬಲೆಯ ಕಣ್ಣುಗಳೊಳಗೆ ಚುಕ್ಕೆಗಳಿದ್ದವು.

ಸಣ್ಣ, ಮಸುಕು ಚುಕ್ಕೆಗಳು. ಒಂದೊಂದು ಕಣ್ಣಿನಲ್ಲಿ ಒಂದು ಹಿಡಿ ಸಾಸಿವೆ ಚೆಲ್ಲಿದಂತೆ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಚಾಳೀಸಮ್ಮನಿಗೆ ಮಾತ್ರ ಹಾಗೆ ಬಿಡಲಾಗಲಿಲ್ಲ, ಯಾಕೆಂದರೆ ಆ ಚುಕ್ಕೆಗಳ ಪರಿಚಯ ಅವರಿಗೆ ಹನ್ನೊಂದು ವರ್ಷದ್ದು.

ಈ ಪ್ರಯೋಗಾಲಯದ ಮುಖ್ಯಸ್ಥೆಗೆ ಐವತ್ತೆಂಟು ವರ್ಷ. ಕೊರಳಲ್ಲಿ ಎರಡು ಕನ್ನಡಕ, ತಲೆಯ ಮೇಲೆ ಮೂರನೆಯದು. ಹಿಂದಿನಿಂದ ಎಲ್ಲರೂ ಚಾಳೀಸಮ್ಮ ಎನ್ನುತ್ತಾರೆಂಬುದು ಅವರಿಗೆ ಗೊತ್ತು, ಬೇಸರವೇನಿಲ್ಲ. ಕೀವು, ರಕ್ತ, ಸತ್ತ ಚರ್ಮ ಯಾವುದಕ್ಕೂ ಅವರು ಇಷ್ಟು ವರ್ಷ ಮೂಗು ಮುರಿದವರಲ್ಲ. ಅವರಿಗೆ ಹೇಸಿಗೆ ಹುಟ್ಟಿಸುವುದು ಮನುಷ್ಯರು, ಅದರಲ್ಲೂ ಕೈ ತೊಳೆದುಕೊಂಡು ಬಂದು ಮಾತಾಡುವ ಮನುಷ್ಯರು.

ಚುಕ್ಕೆಗಳ ಕಥೆ ಇಷ್ಟೇ. ಕೋತಿಯ ಅನ್ನನಾಳವನ್ನು ಎಲೆಗಿಂತ ತೆಳ್ಳಗೆ ಕೊಯ್ದು ಗಾಜಿಗೆ ಅಂಟಿಸಿರುತ್ತಾರೆ. ಅದರ ಮೇಲೆ ರೋಗಿಯ ರಕ್ತದ ಹಳದಿ ತಿಳಿ, ಅಂದರೆ ಸೀರಂ, ಒಂದು ತೊಟ್ಟು ಬಿಡುತ್ತಾರೆ. ಮೈಯನ್ನು ಕಾಯಬೇಕಾದ ರಕ್ತವೇ ತಿರುಗಿಬಿದ್ದು ಚರ್ಮದ ಅಂಟನ್ನು ತಿನ್ನುವ ರೋಗವಿದ್ದರೆ, ಆ ಸೀರಂ ಅನ್ನನಾಳದ ಅಂಟಿಗೂ ಹೋಗಿ ಹಿಡಿದುಕೊಳ್ಳುತ್ತದೆ. ಮೇಲೆ ಹೊಳೆಯುವ ಬಣ್ಣ ಹಾಕಿ ಕತ್ತಲಲ್ಲಿ ನೋಡಿದರೆ ಹಸಿರು ಕಾಣುತ್ತದೆ.

ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು, ರೋಗ ಇತ್ತೆಂದು ಖಚಿತವಾಗಿರುವ ಒಬ್ಬನ ಸೀರಮ್ಮನ್ನೂ ಪ್ರತಿಸಲ ಪಕ್ಕದಲ್ಲೇ ಹಾಕುತ್ತಾರೆ. ಇಲ್ಲಿ ಆ ಒಬ್ಬನೆಂದರೆ ಒಬ್ಬ ಬಸ್ ಡ್ರೈವರ್. ಬಾಯಿತುಂಬ ಹುಣ್ಣಾಗಿ ಬಂದಿದ್ದ ಪುಣ್ಯಾತ್ಮ, ಕೇಳಿದ್ದಕ್ಕೆ ಎರಡು ಬಾಟಲಿ ರಕ್ತ ಕೊಟ್ಟು ಹೋದ. ಅವನು ಸತ್ತು ಐದು ವರ್ಷ. ಅವನ ಸೀರಂ ಮಾತ್ರ ಚಿಕ್ಕಚಿಕ್ಕ ಕೊಳವೆಗಳಲ್ಲಿ ಹೆಪ್ಪುಗಟ್ಟಿ ಇಂದಿಗೂ ದುಡಿಯುತ್ತಿದೆ. ಅವನ ರಕ್ತದಲ್ಲಿ ಬಲೆಯ ಜೊತೆಗೆ ಇನ್ನೊಂದು ಐಬಿತ್ತು. ಅದರಿಂದಲೇ ಈ ಚುಕ್ಕೆ. ಐಬಿರುವ ಸೀರಂ ಬದಲಿಸಬೇಕು ಎನ್ನುವುದು ನಿಯಮ. ಬಲೆ ಚೆನ್ನಾಗಿ ಬರುತ್ತದಲ್ಲ, ನೋಡೋಣ ಎಂದು ಮುಂದೂಡುತ್ತ ಹನ್ನೊಂದು ವರ್ಷ ಕಳೆದಿತ್ತು.

ಈಗ ಡ್ರೈವರ್ ತನ್ನ ಜಾಗದಲ್ಲೂ ಕೂತಿದ್ದ, ಅಜ್ಜಿಯ ಜಾಗದಲ್ಲೂ ಕೂತಿದ್ದ.

ಚಾಳೀಸಮ್ಮ ಗಾಜನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಅದೇ ಬಲೆ, ಅದೇ ಚುಕ್ಕೆ, ಅದೇ ಮಸುಕು. ಅಜ್ಜಿಗೂ ಅದೇ ಐಬಿರಬಾರದೇ ಎಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳಲು ನೋಡಿದರು. ಸಮಾಧಾನವಾಗಲಿಲ್ಲ. ದೀಪ ಆರಿಸದೆ, ಬಾಗಿಲನ್ನು ಎಳೆದುಕೊಂಡು ತಮ್ಮ ಮೇಜಿಗೆ ಬಂದರು.

ಮೇಜಿನ ಮೇಲೆ ಅಜ್ಜಿಯ ಕಡತ ಬಿಚ್ಚಿಕೊಂಡಿತ್ತು. ಎಪ್ಪತ್ತೆಂಟು ವರ್ಷ. ಲಕ್ವ ಹೊಡೆದು ಎರಡು ವರ್ಷದಿಂದ ಮಾತಿಲ್ಲ. ಹೊಟ್ಟೆಯ ಮೇಲೆ, ತೊಡೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಬೊಬ್ಬೆಗಳು. ಆರೈಕೆಯವಳೇ ನೀರು ಸುರಿದಳೆಂದು ದೂರು ಕೊಟ್ಟವಳು ಸೊಸೆ. ದೂರಿನ ಜೊತೆ ಹದಿನೇಳು ಫೋಟೋ ಲಗತ್ತಿಸಿದ್ದಳು. ಅತ್ತೆಯ ಬಟ್ಟೆ ಸರಿಸಿ, ಒಳ್ಳೆಯ ಬೆಳಕು ಬೀಳುವ ಹಾಗೆ ಹಾಸಿಗೆಯನ್ನು ಕಿಟಕಿಯ ಕಡೆಗೆ ಎಳೆದು ತೆಗೆದವು. ಒಂದು ಫೋಟೋದಲ್ಲಿ ಅಜ್ಜಿ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಇವೇ ಫೋಟೋಗಳು ಊರಿನ ಎಲ್ಲರ ಫೋನಿನಲ್ಲೂ ಓಡಾಡಿದ್ದವು. ಚಾಳೀಸಮ್ಮ ಅವನ್ನು ಬೋರಲು ಹಾಕಿ, ಚರ್ಮದ ಗಾಜನ್ನು ಕೈಗೆತ್ತಿಕೊಂಡರು.

ಈ ಚರ್ಮದ ವಿಷಯದಲ್ಲಿ ಆಸ್ಪತ್ರೆಯವರು ಮಾಡಿದ್ದನ್ನು ನೆನೆದರೆ ಅವರಿಗೆ ಈಗಲೂ ಮೈ ಉರಿಯುತ್ತಿತ್ತು. ಎರಡು ಚೂರು ಕಳಿಸಬೇಕು. ಬೊಬ್ಬೆಯ ಅಂಚಿನದು ಒಂದು, ಅದು ಕೊಳೆಯದಂತೆ ಇಡುವ ಫಾರ್ಮಲಿನ್ನಿಗೆ. ಬೊಬ್ಬೆಯ ಪಕ್ಕದ ಒಳ್ಳೆಯ ಚರ್ಮದ್ದು ಇನ್ನೊಂದು, ಅದು ಬೇರೆ ದ್ರಾವಣಕ್ಕೆ. ಹೊಳಪಿನ ಪರೀಕ್ಷೆ ಆಗುವುದು ಈ ಎರಡನೆಯದರಲ್ಲಿ. ಡ್ಯೂಟಿ ಡಾಕ್ಟರು ಒಡೆದು ಕೀವಾಗಿದ್ದ ಹಳೇ ಬೊಬ್ಬೆಯ ನಟ್ಟನಡುವೆ ಎರಡನ್ನೂ ಕೊಯ್ದು, ಎರಡನ್ನೂ ಫಾರ್ಮಲಿನ್ನಿನಲ್ಲಿ ಮುಳುಗಿಸಿ ಕೈ ಕೊಡವಿಕೊಂಡಿದ್ದ. ಫಾರ್ಮಲಿನ್ ಬಿದ್ದ ಚರ್ಮ ಹೊಳೆಯುವುದಿಲ್ಲ. ಹಾಗಾಗಿ ಉಳಿದದ್ದು ಒಂದು ಕೊಳವೆ ಸೀರಂ ಮಾತ್ರ.

ಆದರೂ ಕೀವಿನ ಆ ಚರ್ಮ ಒಂದು ಮಾತನ್ನು ಖಂಡಿತವಾಗಿ ಹೇಳುತ್ತಿತ್ತು. ಬೊಬ್ಬೆ ರೋಗಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಗೋಡೆಯ ಇಟ್ಟಿಗೆಗಳ ನಡುವಿನ ಗಾರೆ ಕರಗುತ್ತದೆ, ಚರ್ಮ ನಡುವೆಯೇ ಬಿರಿಯುತ್ತದೆ. ಬಲೆ ಕಾಣುವುದು ಇದರಲ್ಲಿ. ಇನ್ನೊಂದರಲ್ಲಿ ಇಡೀ ಗೋಡೆಯೇ ತಳಪಾಯ ಬಿಟ್ಟು ಮೇಲೇಳುತ್ತದೆ. ಅಜ್ಜಿಯ ಚರ್ಮ ಬಿರಿದದ್ದು ತಳದಲ್ಲಿ. ಸುಟ್ಟ ಗಾಯವೂ ಹಾಗೆ ಬಿರಿಯಬಹುದು, ತಳದ ರೋಗವೂ ಹಾಗೆ ಬಿರಿಯಬಹುದು. ಬಲೆಯ ರೋಗ ಮಾತ್ರ ಹಾಗೆ ಬಿರಿಯುವುದಿಲ್ಲ.

ಅಂದರೆ ಸೀರಂ ಬದಲಿಸಿದವನು ಅವಸರದಲ್ಲಿ ತಪ್ಪು ರೋಗವನ್ನು ತಂದು ಅಜ್ಜಿಯ ತಲೆಗೆ ಕಟ್ಟಿದ್ದ.

ಚಾಳೀಸಮ್ಮ ಕಡತದ ಪುಟಗಳನ್ನು ಮತ್ತೆ ತಿರುವಿದರು. ಸೊಸೆಯ ಹೇಳಿಕೆಯಲ್ಲಿ ಒಂದು ಸಾಲಿಗೆ ಪೊಲೀಸರು ಕೆಂಪು ಗೆರೆ ಎಳೆದಿದ್ದರು: ಆ ಹೆಂಗಸನ್ನು ಹಿಡಿದುಕೊಂಡು ಹೋದ ಮೇಲೆ ಹೊಸದೊಂದು ಬೊಬ್ಬೆಯೂ ಬಂದಿಲ್ಲ. ಕೇಳಿದರೆ ಯಾರಿಗಾದರೂ ಹೌದಲ್ಲ ಅನ್ನಿಸುವ ಮಾತು. ಆದರೆ ಆಸ್ಪತ್ರೆಯ ಔಷಧಿಯ ಚೀಟಿಯಲ್ಲಿ ಇನ್ನೊಂದಿತ್ತು. ಸೇರಿಸಿದ ದಿನವೇ ಅಜ್ಜಿಗೆ ಉಬ್ಬಸ ಜೋರಾಗಿ, ದಿನಕ್ಕೆ ಎರಡು ಸಲ ಸ್ಟಿರಾಯ್ಡ್ ಚುಚ್ಚಿದ್ದರು. ತಳದ ರೋಗಕ್ಕೂ ಮದ್ದು ಅದೇ. ಲಕ್ವ ಹೊಡೆದ ಮುದುಕರಲ್ಲಿ ಹೆಚ್ಚಾಗಿ ಕಾಣುವುದೂ ಆ ರೋಗವೇ.

ಅವರಿಗೆ ಈಗ ಮನಸ್ಸಿನಲ್ಲಿ ಸಂಶಯ ಉಳಿಯಲಿಲ್ಲ. ಆರೈಕೆಯವಳು ನೀರು ಸುರಿದಿರಲಿಲ್ಲ. ಅದನ್ನು ತೋರಿಸಬಹುದಾದ ಒಂದೇ ಕೊಳವೆಯಲ್ಲಿ ಮಾತ್ರ ಈಗ ಸತ್ತ ಡ್ರೈವರನಿದ್ದ.

ಡ್ರೈವರನ ಕೊಳವೆಗಳಿರುವ ಪೆಟ್ಟಿಗೆಗೆ ಬೀಗವಿದೆ. ಬೀಗದ ಕೈ ಎರಡು. ಒಂದು ಚಾಳೀಸಮ್ಮನ ಕೋಟಿನ ಜೇಬಿನಲ್ಲಿ, ಇನ್ನೊಂದು ಹಿರಿಯ ಟೆಕ್ನಿಷಿಯನ್ನನ ಬಳಿ. ಅವನಿಗೆ ಲ್ಯಾಬಿನಲ್ಲಿ ಗಡಿಯಾರ ಎಂದು ಹೆಸರು. ಹತ್ತು ನಿಮಿಷ ತೊಳೆಯಬೇಕಾದ ಗಾಜನ್ನು ಒಂಬತ್ತೂವರೆ ನಿಮಿಷಕ್ಕೆ ಎತ್ತಿದವನಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಪೈಪೆಟ್ಟು ಹಿಡಿಯಲೂ ಬಾರದೆ ಬಂದವನನ್ನು ಚಾಳೀಸಮ್ಮನೇ ಕೈಹಿಡಿದು ತಿದ್ದಿದ್ದರು. ತಾವು ಇಲ್ಲದಾಗಲೂ ಲ್ಯಾಬು ನಡೆಯುತ್ತದೆ ಎಂದು ಅವರು ನೆಮ್ಮದಿಯಿಂದ ಮಲಗುತ್ತಿದ್ದದ್ದು ಅವನೊಬ್ಬನ ಭರವಸೆಯಿಂದ.

ಅವರು ಪೆಟ್ಟಿಗೆ ತೆರೆದು ಎಣಿಸಿದರು. ಹದಿನಾಲ್ಕು ಕೊಳವೆ ಇರಬೇಕಾದಲ್ಲಿ ಹದಿಮೂರು. ಅನ್ನನಾಳದ ಗಾಜುಗಳ ಡಬ್ಬಿಯಲ್ಲಿ ಆರರ ಬದಲು ಐದು. ಪರೀಕ್ಷೆಗಳ ದಾಖಲೆಯಲ್ಲಿ ಸೋಮವಾರದ್ದಿದೆ, ಈ ದಿನ ಗುರುವಾರದ್ದಿದೆ, ನಡುವೆ ಏನೂ ಇಲ್ಲ. ಯಾರೋ ನಡುವೆ ಒಂದು ಗಾಜನ್ನು ಬಳಸಿ ಬಾಯಿಮುಚ್ಚಿಕೊಂಡಿದ್ದರು.

ಆಗ ಅವರಿಗೆ ದೀಪದ ಪುಸ್ತಕ ನೆನಪಾಯಿತು.

ಮೈಕ್ರೋಸ್ಕೋಪಿಗೆ ಇರುವುದು ಪಾದರಸದ ದೀಪ. ಇನ್ನೂರು ಗಂಟೆ ಉರಿದ ಮೇಲೆ ಬದಲಿಸದಿದ್ದರೆ ಒಡೆದೀತೆಂಬ ಭಯ. ಅದಕ್ಕೇ ಹೊತ್ತಿಸಿದಾಗಲೂ ಆರಿಸಿದಾಗಲೂ ಸಮಯ ಬರೆಯಲು ಒಂದು ನೋಟುಪುಸ್ತಕವನ್ನು ಮೈಕ್ರೋಸ್ಕೋಪಿನ ಕಾಲಿಗೆ ದಾರ ಕಟ್ಟಿ ತೂಗುಹಾಕಿದ್ದರು. ಯಾರೂ ಬರೆಯುತ್ತಿರಲಿಲ್ಲ. ಬರೆಯುತ್ತಿದ್ದವನು ಒಬ್ಬನೇ.

ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷದಿಂದ ಏಳು ಐವತ್ತರವರೆಗೆ. ದುಂಡಗಿನ, ಓರಣದ ಅಕ್ಷರ. ಕಳ್ಳತನ ಮಾಡುವಾಗಲೂ ದೀಪದ ಲೆಕ್ಕ ತಪ್ಪಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಚಾಳೀಸಮ್ಮ ಅವನನ್ನು ಕತ್ತಲೆ ಕೋಣೆಗೆ ಕರೆಸಿದರು. ಗಡಿಯಾರ ಕೈಗವಸು ಕಳಚುತ್ತ ಬಂದು, ಯಾವಾಗಿನಂತೆ ಬಾಗಿಲ ಬಳಿ ಎರಡು ಹೆಜ್ಜೆ ಹಿಂದೆಯೇ ನಿಂತ. ನಲವತ್ತೆರಡು ವರ್ಷ, ಇಸ್ತ್ರಿ ಮುರಿಯದ ಕೋಟು. ಅವನ ಮೈಯಿಂದ ಸದಾ ಸಾಬೂನಿನ ವಾಸನೆ. ಆ ವಾಸನೆ ಈ ದಿನ ಅವರಿಗೆ ಸಹಿಸಲಾಗಲಿಲ್ಲ.

"ಮಂಗಳವಾರ ಬೆಳಿಗ್ಗೆ ಏಳೂ ಹತ್ತಕ್ಕೆ ಇಲ್ಲಿ ಏನು ನೋಡಿದೆ?"

"ದೀಪ ಸರಿಯಾಗಿದೆಯಾ ಅಂತ ನೋಡ್ದೆ ಮೇಡಂ."

"ನಲವತ್ತು ನಿಮಿಷ?"

ಚಾಳೀಸಮ್ಮ ಸ್ಟೂಲು ಬಿಟ್ಟೆದ್ದು, ಅಜ್ಜಿಯ ಹೆಸರಿನ ಜಾಗವನ್ನು ಬೆಳಕಿಗೆ ತಂದು, ಕೂರುವಂತೆ ಸನ್ನೆ ಮಾಡಿದರು.

"ನೋಡು. ನೋಡಿ ಹೇಳು, ಯಾರಿದು?"

ಗಡಿಯಾರ ಕೂತು ಕಣ್ಣಿಟ್ಟ. ಬಹಳ ಹೊತ್ತು ಎತ್ತಲಿಲ್ಲ. ಅವನು ಮನುಷ್ಯರೆದುರು ಸುಳ್ಳು ಹೇಳಬಲ್ಲ ಎಂದು ಈಗ ಗೊತ್ತಾಗಿತ್ತು. ಗಾಜಿನೆದುರು ಹೇಳಬಲ್ಲನೇ ಎಂಬುದನ್ನಷ್ಟೇ ಚಾಳೀಸಮ್ಮ ಕಾಯುತ್ತಿದ್ದರು.

"ಡ್ರೈವರ್," ಎಂದ.

"ಅಜ್ಜಿ ಎಲ್ಲಿ ಹೋದಳು?"

"ಅವಳು ನನ್ನ ತಂಗಿ ಮೇಡಂ."

ಅಜ್ಜಿಯನ್ನು ಹೇಳುತ್ತಿದ್ದಾನೋ ಎಂದು ಅವರಿಗೆ ಒಂದು ಕ್ಷಣ ದಿಕ್ಕು ತಪ್ಪಿತು. ಆಮೇಲೆ ಹೊಳೆಯಿತು. ಲಾಕಪ್ಪಿನಲ್ಲಿರುವವಳು.

ಬಾಯಿ ಬಿಟ್ಟ ಮೇಲೆ ಅವನನ್ನು ತಡೆಯಲು ಆಗಲಿಲ್ಲ. ತಂಗಿ ನರ್ಸಿಂಗ್ ಓದನ್ನು ಅರ್ಧಕ್ಕೆ ಬಿಟ್ಟು, ಮನೆಮನೆಗೆ ಹೋಗಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳಂತೆ. ಅಂದಿನಿಂದ ಏಳು ವರ್ಷ ಅವನು ಅವಳೊಂದಿಗೆ ಮಾತು ಬಿಟ್ಟಿದ್ದ. ಮದುವೆಯಾದಾಗ ಹೆಂಡತಿಯ ಕಡೆಯವರಿಗೆ ತನಗೆ ಒಡಹುಟ್ಟಿದವರೇ ಇಲ್ಲ ಎಂದಿದ್ದ. ಹೆಂಡತಿಗೂ ಇವತ್ತಿನವರೆಗೆ ಗೊತ್ತಿಲ್ಲ. ಪೊಲೀಸರ ಮೊಹರಿನ ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಆರೋಪಿಯ ಹೆಸರು ಓದಿದಾಗಲೇ ಅವನಿಗೆ ವಿಷಯ ತಿಳಿದದ್ದು.

"ಯಾಕೆ ಮಾತು ಬಿಟ್ಟೆ?" ಎಂದು ಚಾಳೀಸಮ್ಮ ಕೇಳಿದರು.

"ಇನ್ನೊಬ್ಬರ ಮುದುಕಿಯ ಕಕ್ಕಸು ಬಳೀತಾಳೆ ಅಂತ ಯಾರ ಹತ್ರ ಹೇಳ್ಕೊಳ್ಳೋದು ಮೇಡಂ? ಹೇಸಿಗೆ ಆಗ್ತಿತ್ತು."

ಇಡೀ ದಿನ ಕೋತಿಯ ಅನ್ನನಾಳ ಹಿಡಿದು ಕೂರುವವನು ಈ ಮಾತನ್ನು ಹೇಳಿದ. ಚಾಳೀಸಮ್ಮನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಿದರೆ ಕೈ ತೊಳೆದುಕೊಳ್ಳಬೇಕಾದೀತೆಂದು ಸುಮ್ಮನಾದರು.

ಮಂಗಳವಾರ ಯಾರೂ ಬರುವ ಮೊದಲು ಅವನು ಅಜ್ಜಿಯ ಸೀರಮ್ಮನ್ನು ಗುಟ್ಟಾಗಿ ಪರೀಕ್ಷಿಸಿದ್ದ. ಕೋತಿಯ ಅನ್ನನಾಳದಲ್ಲಿ ಒಂದು ಎಳೆಯೂ ಹೊಳೆಯಲಿಲ್ಲ. ಬರೀ ಕತ್ತಲೆ.

"ಆಗ ಏನಂದ್ಕೊಂಡೆ?"

"ನೀರು ಹಾಕಿದ್ದಾಳೆ ಅಂದ್ಕೊಂಡೆ."

"ಅಷ್ಟು ಬೇಗ?"

ಅವನು ತಲೆ ತಗ್ಗಿಸಿದ. ಚಾಳೀಸಮ್ಮ ಮೇಜಿನ ಅಂಚನ್ನು ಹಿಡಿದುಕೊಂಡರು. ಮುಂದಿನ ಪ್ರಶ್ನೆ ಕೇಳುವ ಮೊದಲೇ ಉತ್ತರ ಗೊತ್ತಿದ್ದರೂ, ಅವನ ಬಾಯಿಂದ ಬರಲಿ ಎಂದು ಕೇಳಿದರು.

"ಉಪ್ಪುಚರ್ಮದ ಮೇಲೆ ಹಾಕಿ ನೋಡಿದೆಯಾ?"

ಗಡಿಯಾರನ ಮುಖದ ರಕ್ತವೇ ಇಳಿದುಹೋಯಿತು. ಅಷ್ಟು ಬೇಗ ಇಳಿದದ್ದನ್ನು ಆ ಮಂಕು ಬೆಳಕಿನಲ್ಲೂ ಕಾಣಬಹುದಿತ್ತು.

ಶಸ್ತ್ರಚಿಕಿತ್ಸೆಯಲ್ಲಿ ಕೊಯ್ದು ಉಳಿದ ಒಳ್ಳೆಯ ಚರ್ಮವನ್ನು ಒಂದು ದಿನ ಪೂರ್ತಿ ಉಪ್ಪುನೀರಿನಲ್ಲಿ ತಣ್ಣಗೆ ನೆನೆಸಿಟ್ಟರೆ, ಚರ್ಮ ತಳ ಬಿಟ್ಟು ನೀಟಾಗಿ ಎರಡು ಪದರವಾಗುತ್ತದೆ. ಲ್ಯಾಬಿನವರು ಅದನ್ನು ಉಪ್ಪುಚರ್ಮ ಎನ್ನುತ್ತಾರೆ. ತಳದ ರೋಗ ಅನ್ನನಾಳದಲ್ಲಿ ಎಷ್ಟೋ ಸಲ ಕಾಣಿಸಿಕೊಳ್ಳುವುದೇ ಇಲ್ಲ. ಅದೇ ಸೀರಮ್ಮನ್ನು ಉಪ್ಪುಚರ್ಮಕ್ಕೆ ಹಾಕಿದರೆ ಬಿರುಕಿನ ಉದ್ದಕ್ಕೂ ಹಸಿರು ಗೆರೆ ಎಳೆದಂತೆ ಬರುತ್ತದೆ. ಹೊಸದಾಗಿ ಸೇರಿದವರಿಗೆ ಈ ಪಾಠ ಹೇಳಿಕೊಡುವವನು ಇದೇ ಗಡಿಯಾರ. ಅನ್ನನಾಳ ಕತ್ತಲಾಗಿದ್ದರೆ ರೋಗ ಇಲ್ಲ ಅಂತ ಬರೆದವರ ಕೈ ಮುರೀತೀನಿ ಎಂದು ತಮಾಷೆಯನ್ನೂ ಮಾಡುತ್ತಿದ್ದ.

"ಉಪ್ಪುಚರ್ಮ ಮುಗಿದಿತ್ತು ಮೇಡಂ. ಸರ್ಜರಿಯವರು ಎರಡು ವಾರದಿಂದ ಚರ್ಮ ಕೊಟ್ಟಿಲ್ಲ."

"ಮುಗಿದಿದ್ದು ಚರ್ಮ. ನಿನ್ನ ತಲೆ ಎಲ್ಲಿ ಹೋಗಿತ್ತು?"

"ತೋಚಲಿಲ್ಲ."

"ಬೇರೆಯವರ ತಂಗಿ ಆಗಿದ್ರೆ ತೋಚ್ತಿತ್ತು. ನಿನ್ನ ತಂಗಿ ಅಂತ ಗೊತ್ತಾದ ಕೂಡಲೇ ಕೆಟ್ಟವಳು ಅಂತ ತೀರ್ಮಾನ ಮಾಡಿಬಿಟ್ಟೆ. ಅನ್ನನಾಳ ಕತ್ತಲೆ ತೋರಿಸಿದ್ದು ನಿನಗೆ ಸಾಕಾಯ್ತು."

ಅವನ ಕಣ್ಣಲ್ಲಿ ನೀರು ಬಂತು. ಚಾಳೀಸಮ್ಮನಿಗೆ ಕನಿಕರ ಬರಲಿಲ್ಲ. ಉಳಿಸಬೇಕೆಂದೇ ಮಾಡಿದೆ ಎಂದು ಅವನು ಮೂರು ಸಲ ಹೇಳಿದ. ತಂಗಿ ತಪ್ಪು ಮಾಡಿದ್ದಾಳೆಂದು ನಂಬಿಕೊಂಡು ಅವಳನ್ನು ಉಳಿಸಲು ಹೊರಟ ಈ ದೊಡ್ಡಸ್ತಿಕೆ ಅವರಿಗೆ ಕೀವಿಗಿಂತ ಹೆಚ್ಚು ನಾರಿತು. ಅವಳ ಮಾತನ್ನು ಒಂದು ಸಲ ನಂಬಿದ್ದರೆ, ಅವನು ಏನನ್ನೂ ಬದಲಿಸದೆ ಕೈಕಟ್ಟಿ ಕೂತಿದ್ದರೂ, ಅಜ್ಜಿಯ ಸೀರಮ್ಮೇ ಅವಳನ್ನು ಬಿಡಿಸುತ್ತಿತ್ತು.

"ಆ ಸೀರಂ ಎಲ್ಲಿ?"

ಗಡಿಯಾರ ಸ್ಟೂಲಿನಿಂದೆದ್ದು ಹಿಂದೆ ಸರಿದು, ಮೂಲೆಯ ಸಿಂಕಿನ ಕಡೆಗೆ ನೋಡಿದ.

ಚಾಳೀಸಮ್ಮ ಗೋಡೆಯ ಗುಂಡಿ ಒತ್ತಿ ಬೆಳಕು ಮಾಡಿದರು. ಸಿಂಕಿನ ಜಾಲರಿಯಲ್ಲಿ ಬಣ್ಣದ ಕಲೆ, ಒಂದು ಉದ್ದ ಕೂದಲು, ಇಲ್ಲಿ ತರಲೇಬಾರದ ಚಹಾದ ಸೊಪ್ಪು, ಅಂಚಿನ ಸುತ್ತ ಲೋಳೆ. ಒಬ್ಬ ಹೆಂಗಸಿನ ಬಿಡುಗಡೆ ಈ ತೂತಿನೊಳಗೆ ಹರಿದುಹೋಗಿತ್ತು. ಮೂವತ್ತು ವರ್ಷದ ಕೆಲಸದಲ್ಲಿ ಮೊದಲ ಬಾರಿಗೆ ಅವರಿಗೆ ಲ್ಯಾಬಿನಲ್ಲಿ ವಾಕರಿಕೆ ಬಂತು. ಬಾಯಿಗೆ ಅಂಗೈ ಒತ್ತಿಕೊಂಡು, ಅದು ಇಳಿಯುವವರೆಗೂ ನಿಂತರು.

ಇಳಿದ ಮೇಲೆ ಲೆಕ್ಕ ಹಾಕತೊಡಗಿದರು. ಅಜ್ಜಿ ಬದುಕಿದ್ದಾಳೆ. ಸ್ಟಿರಾಯ್ಡ್ ಬಿದ್ದಿದ್ದರೂ ರಕ್ತದಲ್ಲಿನ ಸುಳಿವು ಇಷ್ಟು ಬೇಗ ಅಳಿಯುವುದಿಲ್ಲ. ತಾವೇ ಹೋಗಿ, ತಮ್ಮ ಕೈಯಾರೆ ರಕ್ತ ತೆಗೆಯುವುದು. ಸರ್ಜರಿಯವರ ಕೈಕಾಲು ಹಿಡಿದಾದರೂ ಈಗಲೇ ಒಂದು ಚೂರು ಚರ್ಮ ತರಿಸುವುದು. ಈಗ ಮೂರೂವರೆ. ಉಪ್ಪುನೀರಿನಲ್ಲಿ ಒಂದು ದಿನ. ನಾಳೆ ಸಂಜೆ ಐದರ ಹೊತ್ತಿಗೆ ಗೆರೆ ಕಾಣುತ್ತದೆ. ಕೋರ್ಟು ಕೂರುವುದು ಹನ್ನೊಂದಕ್ಕೆ.

ಒಂದು ದಿನದ ಗಡುವನ್ನು ಇನ್ಸ್‌ಪೆಕ್ಟರ ಬಳಿ ಕೇಳಿ ಪಡೆಯಬೇಕು. ಯಾಕೆ ಎಂದು ಅವರು ಕೇಳಿದರೆ ಇದನ್ನೆಲ್ಲ ಹೇಳಬೇಕು. ಆರೋಪಿಯ ಅಣ್ಣನೇ ಲ್ಯಾಬಿನಲ್ಲಿ ಕೈಚಳಕ ತೋರಿಸಿದ ಎಂದು ಗೊತ್ತಾದ ಮೇಲೆ, ಈ ಲ್ಯಾಬಿನಿಂದ ಹೊರಡುವ ಯಾವ ಗೆರೆಯನ್ನು ಯಾರು ನಂಬುತ್ತಾರೆ? ಹೇಳದೆ ಡ್ರೈವರನ ಬಲೆಗೇ ಸಹಿ ಹಾಕಿಬಿಟ್ಟರೆ ನಾಳೆಯೇ ಅವಳು ಹೊರಗೆ. ನಿರಪರಾಧಿಯನ್ನು ಸುಳ್ಳಿನಿಂದ ಬಿಡಿಸಿದರೆ ಯಾರಿಗೆ ನಷ್ಟ ಎಂಬ ಯೋಚನೆಯೂ ಅವರಿಗೆ ಬಂತು. ಆ ಯೋಚನೆ ಬಂದದ್ದಕ್ಕೆ ತಮ್ಮ ಮೇಲೂ ಅಸಹ್ಯವಾಯಿತು.

"ಮಂಗಳವಾರದ ಕತ್ತಲೆ ವಿಷಯ ಯಾರಿಗಾದರೂ ಹೇಳಿದೀಯಾ?" ಎಂದು ಅವರು ಕೇಳಿದರು. ಕೇಳಬೇಕೆಂದು ಕೇಳಿದ್ದಲ್ಲ, ರೂಢಿಯಿಂದ ಬಂದ ಪ್ರಶ್ನೆ.

ಗಡಿಯಾರ ಕೋಟಿನ ಗುಂಡಿಯನ್ನು ತಿರುಚತೊಡಗಿದ.

"ಅವಳಿಗೆ ಹೇಳ್ದೆ."

"ಯಾರಿಗೆ?"

"ಮಂಗಳವಾರ ಸಂಜೆ ಸ್ಟೇಷನ್ನಿಗೆ ಹೋಗಿದ್ದೆ. ಲ್ಯಾಬಲ್ಲಿ ರೋಗ ಇಲ್ಲ ಅಂತ ಬಂದಿದೆ, ಒಪ್ಕೊಂಡ್ರೆ ಶಿಕ್ಷೆ ಕಮ್ಮಿ ಆಗುತ್ತೆ ಅಂದೆ. ನಾನು ಹಾಕಿಲ್ಲ ಅಣ್ಣ ಅಂತ ಎರಡು ಸಲ ಅಂದಳು. ಆಮೇಲೆ ಲ್ಯಾಬಲ್ಲಿ ತಪ್ಪಾಗಲ್ವಾ ಅಂತ ಕೇಳಿದಳು."

"ನೀನು ಏನಂದೆ?"

"ಆಗಲ್ಲ ಅಂದೆ. ಬುಧವಾರ ಬೆಳಿಗ್ಗೆ ಇಲ್ಲಿಗೆ ಬಂದ ಮೇಲೆ ಮನಸ್ಸು ತಡೀಲಿಲ್ಲ. ಆಗ ಬದಲಾಯಿಸ್ದೆ. ಮತ್ತೆ ಅವಳ ಹತ್ರ ಹೋಗೋಕೆ ಧೈರ್ಯ ಬರ್ಲಿಲ್ಲ."

ಏಳು ವರ್ಷ ಕಳೆದು ಅಣ್ಣ ನೋಡಲು ಬಂದನೆಂದು ಅವಳಿಗೆ ಎಷ್ಟು ಸಂತೋಷವಾಗಿರಬೇಕು ಎಂದು ಚಾಳೀಸಮ್ಮನಿಗೆ ಅನ್ನಿಸಿತು. ಅವನ ಮುಖ ನೋಡಲಾರದೆ ಅವರು ಬಾಗಿಲ ಕಡೆಗೆ ತಿರುಗಿದರು. ಅಷ್ಟರಲ್ಲಿ ಬಾಗಿಲನ್ನು ಯಾರೋ ಹೊರಗಿನಿಂದ ತಟ್ಟಿದರು.

ಇನ್ಸ್‌ಪೆಕ್ಟರು ಒಳಗೆ ಕಾಲಿಟ್ಟರು. ಫಾರ್ಮಲಿನ್ನಿನ ಘಾಟಿಗೆ ಕಣ್ಣು ಕೆಂಪಾಗಿದ್ದವು. ಒರಟು ಮನುಷ್ಯರಲ್ಲ. ಮೂರು ಗಂಟೆ ಕಾಯಿಸಿದರೂ ಒಂದು ಮಾತು ಆಡದವರು. ಫೋನನ್ನು ಕೈಯಲ್ಲೇ ಹಿಡಿದು, ಇನ್ನು ವರದಿಗೆ ಅವಸರವಿಲ್ಲ ಎಂದರು. ಮಧ್ಯಾಹ್ನ ಆರೋಪಿ ತಪ್ಪೊಪ್ಪಿಕೊಂಡು ತನ್ನ ಕೈಯಲ್ಲೇ ಬರೆದುಕೊಟ್ಟಿದ್ದಾಳೆ, ಸ್ಟೇಷನ್ನಿನಿಂದ ಈಗ ತಾನೇ ಅದರ ಚಿತ್ರ ಬಂತು, ನೀವೂ ಒಮ್ಮೆ ಓದಿ ಎಂದು ಫೋನನ್ನು ಚಾಳೀಸಮ್ಮನ ಕೈಗಿತ್ತರು.

ಚಾಳೀಸಮ್ಮ ತಲೆಯ ಮೇಲಿನ ಕನ್ನಡಕ ಇಳಿಸಿಕೊಂಡು ಓದಿದರು. ದುಂಡಗಿನ, ಓರಣದ ಅಕ್ಷರ.

‘ನಾನು ಅಜ್ಜಿಗೆ ಬಿಸಿನೀರು ಹಾಕಿದ್ದು ನನಗೆ ನೆನಪಿಲ್ಲ. ಆದರೆ ರೋಗ ಇಲ್ಲ ಎಂದು ಲ್ಯಾಬಿನಲ್ಲಿ ಬಂದಿದೆಯಂತೆ. ಲ್ಯಾಬಿನಲ್ಲಿ ತಪ್ಪಾಗುವುದಿಲ್ಲ. ಹಾಗಿದ್ದರೆ ನಾನೇ ಹಾಕಿರಬೇಕು. ಅಜ್ಜಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಎಡಗಡೆ ಹೆಚ್ಚು ಹೊತ್ತು ಬೇಡ. ಆಸ್ಪತ್ರೆಯಲ್ಲಿ ಯಾರಿಗಾದರೂ ದಯವಿಟ್ಟು ಹೇಳಿ.’

ಅವರು ಎರಡನೆಯ ಸಲ ಓದಲು ಹೋದರು. ಅಕ್ಷರ ಕಲಸಿಕೊಂಡವು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನನಗೆ ಇದರಲ್ಲಿ ಒಂದು ಅರ್ಥ ಆಗ್ಲಿಲ್ಲ ಮೇಡಂ," ಎಂದರು ಇನ್ಸ್‌ಪೆಕ್ಟರು. "ನೀವು ಇನ್ನೂ ವರದಿ ಕೊಟ್ಟಿಲ್ಲ. ಪರೀಕ್ಷೆ ನಡೆದಿದ್ದೇ ಇವತ್ತು ಅಂದ್ರಿ. ಲ್ಯಾಬಲ್ಲಿ ಏನು ಬಂತು ಅಂತ ಲಾಕಪ್ಪಲ್ಲಿರೋಳಿಗೆ ಹೇಗೆ ಗೊತ್ತಾಯ್ತು?"

ಇನ್ಸ್‌ಪೆಕ್ಟರು ಅದೇ ಶಾಂತ ದನಿಯಲ್ಲಿ ಮುಂದುವರಿಸಿದರು. ಮಂಗಳವಾರ ಸಂಜೆ ಅವಳನ್ನು ನೋಡಲು ಯಾರೋ ಒಬ್ಬ ಬಂದಿದ್ದನಂತೆ. ಕಾವಲಿಗಿದ್ದ ಪೇದೆ ಹೆಸರು ಬರೆಸಿಕೊಂಡಿಲ್ಲ, ಆದರೆ ಮುಖ ಚೆನ್ನಾಗಿ ನೆನಪಿದೆ ಎನ್ನುತ್ತಾನೆ. ಆ ಪೇದೆ ಇವತ್ತು ಅವರ ಜೊತೆಯಲ್ಲೇ ಬಂದಿದ್ದಾನೆ, ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ.

ಚಾಳೀಸಮ್ಮ ನಿರ್ಧಾರ ಮಾಡಿದ್ದು ಆಗಲೇ. ಲ್ಯಾಬಿನ ಹೆಸರು ಹೋದರೆ ಹೋಗಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕಾಲು ಹಿಡಿದಾದರೂ ಒಂದು ದಿನ ಕೇಳುವುದು. ಅವರು ಉಸಿರೆಳೆದುಕೊಂಡು ಬಾಯಿ ತೆರೆದರು.

ಗಡಿಯಾರ ಅವರಿಗಿಂತ ಮೊದಲು ಮಾತಾಡಿದ.

"ನಾನೇ ಹೋಗಿದ್ದೆ ಸರ್," ಎಂದ. ದನಿ ನಡುಗಲಿಲ್ಲ. ಯಾವತ್ತಿನಂತೆ ವಿನಯದಿಂದ ಎರಡು ಹೆಜ್ಜೆ ಹಿಂದೆ ನಿಂತೇ ಇದ್ದ. "ಮೇಡಂ ಕಳಿಸಿದ್ರು. ರೋಗ ಇಲ್ಲ ಅಂತ ಬಂದಿದೆ, ಹೋಗಿ ಒಪ್ಕೋ ಅಂತ ಹೇಳು ಅಂದ್ರು."

ಇನ್ಸ್‌ಪೆಕ್ಟರು ಚಾಳೀಸಮ್ಮನ ಕೈಯಿಂದ ಫೋನನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು. ಖಾಲಿ ಇದ್ದ ಸ್ಟೂಲನ್ನು ಎಳೆದು ಕೂತು, ಜೇಬಿನ ಪುಸ್ತಕದಲ್ಲಿ ಹೊಸ ಹಾಳೆ ತೆರೆದರು.

"ಎಷ್ಟು ಗಂಟೆಗೆ ಕಳಿಸಿದ್ರಿ ಮೇಡಂ?"